ಖಿಮಿಯೊಳಗಿನ ಕಲ್ಲು

ನಮ್ಮತ್ತೆಗೆ ಆ ಸದ್ದು ಕೇಳಲು ಶುರುವಾದದ್ದು ನನ್ನ ಮೈದುನನ ಮೂಳೆಯನ್ನು ಖಿಮಿಯಲ್ಲಿ ಇಟ್ಟ ಮರುದಿನ. ಮೂಳೆ ಅಂದೆ, ಬಾಯಿ ತಪ್ಪಿ ಅಲ್ಲ. ಮನೆಯಲ್ಲಿ ಎಲ್ಲರೂ ಹಾಗೇ ಅನ್ನುತ್ತಿದ್ದೆವು. ಇಟ್ಟದ್ದು ಕಲ್ಲು.

ಖಿಮಿ ಅಂದರೆ ನಮ್ಮ ಕುಲದವರ ಕೊನೆಯ ಮನೆ. ಊರಿನ ಮೇಲ್ಗಡೆ, ಧೂಪದ ಮರಗಳ ನಡುವೆ ಸೊಂಟದೆತ್ತರದ ಕಲ್ಲುಗೂಡು, ಅದರ ಮೇಲೊಂದು ಚಪ್ಪಡಿ. ನಾವು ಥಕಾಲಿ ಜನ; ನಮ್ಮವನು ಎಲ್ಲಿ ಸತ್ತರೂ ಸರಿ, ಸುಟ್ಟಮೇಲೆ ಅವನ ಮೂಳೆಯ ಒಂದು ಚೂರು ಅಲ್ಲಿಗೆ ಬಂದು ಸೇರಬೇಕು. ಸೇರಿದರೆ ಹಿರಿಯರ ಪಂಕ್ತಿಯಲ್ಲಿ ಕೂತ ಹಾಗೆ. ಸೇರದಿದ್ದರೆ ಅವನು ಇದ್ದವನೂ ಅಲ್ಲ, ಹೋದವನೂ ಅಲ್ಲ. ಹೊಸ್ತಿಲ ಮೇಲೆ ನಿಂತೇ ಇರುತ್ತಾನೆ, ಒಳಗಿನವರಿಗೂ ಅಡ್ಡ, ಹೊರಗಿನವರಿಗೂ ಅಡ್ಡ.

ನನ್ನ ಮೈದುನ ಪಿರ್ತಿಮಾನ್ ಬದುಕಿದ್ದಾಗಲೂ ಹೊಸ್ತಿಲ ಮೇಲೆ ನಿಲ್ಲುವವನೇ. ಮನೆಯೊಳಗೆ ಒಂದು ಕಾಲು, ನದಿಯಲ್ಲಿ ಒಂದು ಕಾಲು. ನನ್ನ ಗಂಡ ಮಾನ್‌ಬೀರ್ ಮತ್ತು ನಾನು ಸೇರಿ ಭಟ್ಟಿ, ಅಂದರೆ ದಾರಿಹೋಕರ ಊಟದ ಮನೆ, ನಡೆಸುತ್ತಿದ್ದೆವು. ಹೇಸರಗತ್ತೆಯವರಿಗೆ, ಮುಕ್ತಿನಾಥಕ್ಕೆ ಹೋಗುವ ಯಾತ್ರಿಕರಿಗೆ ಊಟ, ಹಾಸಿಗೆ. ಮೈದುನ ಮಾತ್ರ ಬೆಳಗಾದರೆ ಬೆನ್ನಿಗೆ ಬುಟ್ಟಿ ಏರಿಸಿಕೊಂಡು ಕಾಲಿಗಂಡಕಿ ನದಿಗೆ ಇಳಿಯುತ್ತಿದ್ದ. ಉರುಟು ಕರಿಕಲ್ಲುಗಳನ್ನು ಆರಿಸಿ ತಂದು ಅಂಗಳದಲ್ಲಿ ಗುಡ್ಡೆ ಹಾಕುತ್ತಿದ್ದ. ದಕ್ಷಿಣದಿಂದ ಬರುವ ಯಾತ್ರಿಕರು ಅದನ್ನು ಸಾಲಿಗ್ರಾಮ ಅಂತ ಕಣ್ಣಿಗೊತ್ತಿಕೊಂಡು ಕೊಳ್ಳುತ್ತಿದ್ದರು. ಆದರೆ ಒಳಗಿನ ಚಕ್ರ ಕಾಣದೆ ಅವರಿಗೆ ಸಮಾಧಾನವಿಲ್ಲ. ಹಾಗಾಗಿ ಕಲ್ಲು ಬಿಚ್ಚಬೇಕು.

ಬಿಚ್ಚುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಬೇರೆಯವರು ದೊಡ್ಡ ಸುತ್ತಿಗೆಯಿಂದ ಹೊಡೆದು ಹತ್ತರಲ್ಲಿ ಆರನ್ನು ಪುಡಿ ಮಾಡುತ್ತಿದ್ದರು. ಇವನದು ಅಂಗೈಯಷ್ಟರ ಸುತ್ತಿಗೆ.

"ಇದು ಹೊಡಿಯೋದಲ್ಲ ಅತ್ಗೆ, ಬಾಗಿಲು ತಟ್ಟೋದು," ಅನ್ನುತ್ತಿದ್ದ. "ಸೊಂಟದ ಸುತ್ತ ತಟ್ತಾ ಹೋಗ್ಬೇಕು. ಒಳಗಿರೋನು ಎಲ್ಲೋ ಒಂದ್ಕಡೆ ಓಗೊಡ್ತಾನೆ. ಅಲ್ಲಿ ಇನ್ನೊಂದೇಟು, ಅಷ್ಟೇ."

ಅವನು ತಟ್ಟಿದರೆ ಆಲಿಕಲ್ಲು ಬಿದ್ದ ಹಾಗೆ, ನಡುವೆ ತಡೆಯೇ ಇಲ್ಲ. ಮಂದ ಸದ್ದು ಇದ್ದಕ್ಕಿದ್ದ ಹಾಗೆ ಕಂಚಿನ ಸದ್ದಾಗುತ್ತಿತ್ತು. ಕಲ್ಲು ಎರಡು ಹೋಳಾಗಿ ಅಂಗೈಯಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಒಂದು ಹೋಳಿನಲ್ಲಿ ಸುರುಳಿ ಸುತ್ತಿ ಮಲಗಿದ ಪ್ರಾಣಿ, ಇನ್ನೊಂದರಲ್ಲಿ ಅದು ಮಲಗಿದ್ದ ಗುಳಿ.

ಅತ್ತೆ ಬಿಷ್ಣುಕುಮಾರಿಗೆ ಈ ಕೆಲಸ ಕಂಡರೆ ಆಗುತ್ತಿರಲಿಲ್ಲ. "ಒಳಗೆ ಜೀವ ಮಲಗಿದ್ಯೋ. ಮಲಗಿರೋರನ್ನ ಎಬ್ಬಿಸಿ ಕೊಲ್ತೀಯಲ್ಲ, ನಿನ್ನ ಕೈ ಸೇದಿಹೋಗ," ಅಂತ ಬೈಯುತ್ತಿದ್ದರು. ಬೈದವರೇ ಸಂಜೆ ಅವನ ತಟ್ಟೆಗೆ ಎಲ್ಲರಿಗಿಂತ ದೊಡ್ಡ ಮುದ್ದೆ ಇಟ್ಟು, ನಡುವೆ ಗುಳಿ ಮಾಡಿ ತುಪ್ಪ ಸುರಿಯುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವುದು ಸುಳ್ಳಲ್ಲ.

ಒಮ್ಮೆ ಕಠ್ಮಂಡುವಿನಿಂದ ಕಲ್ಲುಗಳ ವಿಷಯ ಓದಿದ ಮಾಸ್ತರೊಬ್ಬರು ನಮ್ಮಲ್ಲಿ ಉಳಿದಿದ್ದರು. ಪಿರ್ತಿಮಾನ್ ಬಿಚ್ಚಿದ ಒಂದು ಕಲ್ಲನ್ನು ಬೆಳಕಿಗೆ ಹಿಡಿದು, ಈ ಪಕ್ಕೆಲುಬಿನಂಥ ಗೆರೆಗಳು ತುದಿಯಲ್ಲಿ ಕವಲಾಗಿವೆ ನೋಡಿ, ಇದರ ಕುಲಕ್ಕೆ ಬ್ಲಾನ್‌ಫೋರ್ಡಿಸೆರಾಸ್ ಅಂತ ಹೆಸರು ಅಂದರು. ಕೋಟಿಗಟ್ಟಲೆ ವರ್ಷಗಳ ಹಿಂದೆ ಇಲ್ಲಿ ಸಮುದ್ರವಿದ್ದಾಗ ಈಜಿಕೊಂಡಿದ್ದವಂತೆ. ಪಿರ್ತಿಮಾನ್‌ಗೆ ಆ ಹೆಸರು ಎಷ್ಟು ಹಿಡಿಸಿತೆಂದರೆ ನಮ್ಮ ಹೇಸರಗತ್ತೆಗೂ ಅದನ್ನೇ ಇಟ್ಟ.

ಅತ್ತೆ ಮಾತ್ರ ನಗಲಿಲ್ಲ. "ಕುಲ ಅಂದ್ರಲ್ಲ ಮಾಸ್ತರೇ, ಆ ಕುಲದೋರು ಈಗೆಲ್ಲಿದಾರೆ?" ಅಂತ ಕೇಳಿದರು.

"ಒಂದೂ ಉಳಿದಿಲ್ಲ ಅಮ್ಮ. ಇಡೀ ಕುಲಾನೇ ಹೋಯ್ತು."

"ಅಯ್ಯೋ. ಹಾಗಾದ್ರೆ ಕೊನೆಯದರ ಮೂಳೆ ಇಟ್ಟೋರು ಯಾರು?"

ಮಾಸ್ತರು ಚಹಾ ಹೀರಿದರು. ಆವತ್ತಿನಿಂದ ಅತ್ತೆ ಅಂಗಳದ ಗುಡ್ಡೆಯ ಹತ್ತಿರ ಹೋಗುವಾಗ ಚಪ್ಪಲಿ ಬಿಡಲು ಶುರು ಮಾಡಿದರು.

ಅದಾದ ಮುಂದಿನ ಬೇಸಿಗೆಯಲ್ಲಿ ಅತ್ತೆಗೂ ಅವನಿಗೂ ಆ ಜಗಳ ನಡೆಯಿತು. ಬೆಳಗ್ಗೆ ಪಿರ್ತಿಮಾನ್ ಹೊರಡುವಾಗ ಸುತ್ತಿಗೆ ಕಾಣಲಿಲ್ಲ. ಅತ್ತೆ ಬಚ್ಚಿಟ್ಟಿದ್ದರು. ನಾನು ಒಲೆಯ ಮುಂದೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದೆ.

"ಸುತ್ಗೆ ಕೊಡಮ್ಮ. ಯಾತ್ರೆಯೋರು ಬಂದಿದಾರೆ."

"ಕೊಡಲ್ಲ. ನಿನ್ನೆ ನೀನು ಒಡೆದ ಕಲ್ಲು ಅತ್ತಿದ್ದು ನಂಗೆ ಕೇಳಿಸ್ತು."

"ಕಲ್ಲು ಅಳತ್ತಾ? ನಿಂಗೆ ಕಿವಿ ತೂತಾಗಿದೆ."

"ಹೌದು ಕಣೋ, ನಂಗೆ ಕಿವಿ ತೂತು, ನಿಂಗೆ ಎದೆ ತೂತು!" ಅತ್ತೆಗೆ ಸಿಟ್ಟು ನೆತ್ತಿಗೇರಿತ್ತು. "ಅಷ್ಟೊಂದು ಬಾಗಿಲು ತಟ್ಟೋ ಚಟ ಇದ್ರೆ ಹೋಗು, ನೀನೇ ಒಂದು ಕಲ್ಲೊಳಗೆ ಹೋಗಿ ಕೂತ್ಕೋ. ಯಾರಾದ್ರೂ ಬಂದು ಹೊರಗಿಂದ ತಟ್ಲಿ. ಆಗ ಗೊತ್ತಾಗತ್ತೆ."

ಅವನು ನಕ್ಕು, "ನೀನೇ ಬಂದು ತಟ್ಟು," ಅಂದು ಬರಿಗೈಯಲ್ಲಿ ಇಳಿದುಹೋದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೇಸಿಗೆಯಲ್ಲಿ ನಮ್ಮ ನದಿ ಬೆಳಗ್ಗೆ ಒಂದು, ಮಧ್ಯಾಹ್ನ ಇನ್ನೊಂದು. ಮೇಲೆ ಹಿಮ ಕರಗಿದಂತೆಲ್ಲ ನೀರು ಏರುತ್ತದೆ. ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಸುತ್ತಿಗೆ ಇದ್ದಿದ್ದರೆ ಒಂದೆರಡು ಕಲ್ಲು ಸಿಕ್ಕ ಕೂಡಲೇ ದಡದಲ್ಲಿ ಕೂತು ತಟ್ಟುತ್ತಿದ್ದ. ಇರಲಿಲ್ಲವಾದ್ದರಿಂದ ಇನ್ನೊಂದು, ಇನ್ನೊಂದು ಅಂತ ನಡುಹೊಳೆಯ ಮರಳುದಿಬ್ಬದವರೆಗೂ ಹೋಗಿರಬೇಕು. ಗಾಳಿ ಏಳುವ ಹೊತ್ತಿಗೆ ಆ ದಿಬ್ಬವೇ ಇರಲಿಲ್ಲ. ಕೆಳಗೆ ಎರಡು ಬಂಡೆಗಳ ನಡುವೆ ಅವನ ಬುಟ್ಟಿ ಸಿಕ್ಕಿಕೊಂಡಿತ್ತು. ಅದರ ತಳದಲ್ಲಿ ಒಂದೇ ಒಂದು ಕಲ್ಲು, ಉರುಟಾದದ್ದು, ಬಿಚ್ಚದೇ ಇದ್ದದ್ದು. ಅವನು ಸಿಗಲಿಲ್ಲ. ಕೆಳಗಿನ ಬೇನಿ ಪೇಟೆಯವರೆಗೂ ಹೋಗಿ ಹುಡುಕಿದರು.

ಸುಡಲು ದೇಹವಿಲ್ಲ, ಖಿಮಿಗೆ ಇಡಲು ಮೂಳೆಯಿಲ್ಲ. ಹುಲ್ಲಿನ ಗೊಂಬೆ ಮಾಡಿ ಸುಟ್ಟರೆ ಬೂದಿಯಷ್ಟೇ ಸಿಗುತ್ತದೆ. ಅತ್ತೆ ಆ ಕಲ್ಲನ್ನು ಮಡಿಲಲ್ಲಿಟ್ಟುಕೊಂಡು ಹರ್ಕಮಾನ್ ಕಾಕನ ಬಾಗಿಲಲ್ಲಿ ಹೋಗಿ ಕೂತರು. ಕಾಕ ನಮ್ಮ ಮಾವನ ದಾಯಾದಿ, ಖಿಮಿಯ ಚಪ್ಪಡಿ ಎತ್ತುವ ಅಧಿಕಾರ ಅವರದೇ.

"ಅತ್ಗಮ್ಮ, ಅದು ಕಲ್ಲು," ಅಂದರು ಕಾಕ.

"ನನ್ನ ಮಗನ ಮೂಳೆ."

"ಮೂಳೆ ಅಂತ ನೀನಂದ್ರೆ ಆಗೋಯ್ತಾ?"

"ಅವನು ಮುಟ್ಟಿದ ಕಡೇ ವಸ್ತು ಇದು. ಹೊಳೆ ಅವನನ್ನ ಇಟ್ಕೊಂಡು ಇದನ್ನ ಕೊಟ್ಟಿದೆ. ನೀನು ಎತ್ತಲ್ಲ ಅಂದ್ರೆ ನಾನಿಲ್ಲೇ ಸಾಯ್ತೀನಿ, ಆಮೇಲೆ ಎತ್ತೇ ಎತ್ತಬೇಕಾಗತ್ತೆ, ನನಗೋಸ್ಕರ."

ಅನ್ನ ನೀರು ಬಿಟ್ಟು ಕೂತ ಹೆಂಗಸಿನ ಮುಂದೆ ಯಾರ ಹಿರಿತನ ನಡೆಯುತ್ತದೆ? ಕಾಕ ಸೋತರು. ಬಿಳಿ ಬಟ್ಟೆಯಲ್ಲಿ ಸುತ್ತಿ ಕಲ್ಲನ್ನು ಖಿಮಿಯಲ್ಲಿ ಇಟ್ಟೆವು. ಬೇರೆ ಯಾರೂ ಇಂಥ ತಪ್ಪು ಮಾಡುತ್ತಿರಲಿಲ್ಲ. ಪೂಜಿಸುವವರು ಪೂಜಿಸುತ್ತಿದ್ದರು, ಮಾರುವವರು ಮಾರುತ್ತಿದ್ದರು. ನಾವು ಜೀವವಿದೆ ಅಂತ ನಂಬಿದ್ದನ್ನೇ ತೆಗೆದುಕೊಂಡು ಹೋಗಿ ಸತ್ತವರ ಜೊತೆ ಮುಚ್ಚಿದೆವು.

ಮರುದಿನ ಗಾಳಿ ಎದ್ದಿತು. ನಮ್ಮ ಕಣಿವೆಯ ಗಾಳಿಗೆ ಹೊತ್ತುಗೊತ್ತಿದೆ. ಬಿಸಿಲು ನೆತ್ತಿಗೆ ಬರುವ ಮುಂಚೆ ದಕ್ಷಿಣದಿಂದ ನುಗ್ಗುತ್ತದೆ, ಸಂಜೆವರೆಗೂ ಬಿಡುವುದಿಲ್ಲ. ಆ ಹೊತ್ತಿನಲ್ಲಿ ಬಾಗಿಲು ಹಾಕಿ ಒಳಗೆ ಕೂರುವುದು ಎಲ್ಲರಿಗೂ ಅಭ್ಯಾಸ. ಅತ್ತೆ ಬೆಣ್ಣೆ ಚಹಾದ ಬಟ್ಟಲು ಹಿಡಿದಿದ್ದವರು ಹಾಗೇ ತಡೆದರು.

"ಓಮಾ, ಕೇಳಿಸ್ತಾ?"

ನನ್ನ ಹೆಸರು ಓಂಕುಮಾರಿ. ಅವರು ಹೆದರಿದಾಗ ಮಾತ್ರ ಓಮಾ ಅನ್ನುತ್ತಿದ್ದರು.

"ಏನತ್ತೆ?"

ಅವರು ಬೆರಳಿನ ಗೆಣ್ಣಿನಿಂದ ಬಟ್ಟಲಿಗೆ ಬಡಿದು ತೋರಿಸಿದರು. ಟಕ್, ಟಕ್. ಆಮೇಲೆ ಸುಮ್ಮನಾದರು. ನಾನು ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಇನ್ನೊಂದು, ಟಕ್.

"ಮೇಲಿಂದ ಬರ್ತಿದೆ. ಖಿಮಿ ಕಡೆಯಿಂದ."

"ಛಾವಣಿ ಮೇಲಿನ ಸೌದೆ ಅತ್ತೆ. ಗಾಳಿಗೆ ಅಲ್ಲಾಡ್ತಿದೆ."

ಹತ್ತಿ ಹೋಗಿ ಸೌದೆಗೆಲ್ಲ ಹಗ್ಗ ಬಿಗಿದು ಬಂದೆ. ಮರುದಿನವೂ ಅವರಿಗೆ ಕೇಳಿಸಿತು. ಅದರ ಮರುದಿನವೂ. ಕಿಟಕಿ ಇರಬಹುದು ಅಂದೆ, ಪಕ್ಕದ ಮನೆಯ ಬಾವುಟದ ಕಂಬ ಇರಬಹುದು ಅಂದೆ, ಒಂದೊಂದನ್ನೂ ಸರಿಪಡಿಸಿದೆ. ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು. ನನಗಂತೂ ಒಮ್ಮೆಯೂ ಕೇಳಿಸಲಿಲ್ಲ. ಮಾನ್‌ಬೀರ್‌ಗೆ ಕೇಳಿಸುತ್ತಾ ಅಂದರೆ ಅವನು ಹೊರಗೆ ಹೇಸರಗತ್ತೆಗೆ ಹುಲ್ಲು ಹಾಕಬೇಕು ಅಂತ ಎದ್ದು ಹೋಗುತ್ತಿದ್ದ. ಅಷ್ಟು ಹೆದರುಪುಕ್ಕ ನನ್ನ ಗಂಡ.

ಚಳಿಗಾಲ ಕಳೆದು ಇನ್ನೊಂದು ಬೇಸಿಗೆ ಬಂತು. ಒಂದು ದಿನ ಅತ್ತೆ ನನ್ನ ಕೈ ಹಿಡಿದು ಕೂರಿಸಿಕೊಂಡರು.

"ನಾನು ಆವತ್ತು ಏನಂದೆ ಅಂತ ನಿಂಗೆ ಗೊತ್ತಲ್ಲ. ನೀನು ಒಲೆ ಮುಂದೆ ಇದ್ದೆ."

"ಸಿಟ್ಟಲ್ಲಿ ಆಡಿದ ಮಾತು ಅತ್ತೆ. ಎಲ್ಲ ತಾಯಂದ್ರೂ ಅಂತಾರೆ. ನಮ್ಮಮ್ಮ ನಂಗೆ ದಿನಾ ಸಾಯಿ ಅಂತಿದ್ಲು, ಇಲ್ಲಿ ಕೂತಿಲ್ವಾ ನಾನು?"

"ನಿಮ್ಮಮ್ಮಂದು ಫಲಿಸ್ಲಿಲ್ಲ. ನಂದು ಫಲಿಸ್ತು. ಕಲ್ಲೊಳಗೆ ಹೋಗಿ ಕೂತ್ಕೋ ಅಂದೆ. ಹೋಗಿ ಕೂತ. ಒಳಗಿಂದ ಬಡೀತಿದಾನೆ, ಓಮಾ, ಬಿಡಿಸು ಅಂತ."

"ಪಿರ್ತಿ ತಟ್ಟೋದು ಹಾಗಲ್ಲ ಅತ್ತೆ. ನಿಮಗೇ ಗೊತ್ತು. ಅವನು ಎಡೆಬಿಡದೆ ತಟ್ಟೋನು. ನೀವು ಬಡಿದು ತೋರ್ಸೋದು ಬೇರೆ ಯಾರದ್ದೋ ಥರ ಇದೆ."

ಅದನ್ನು ಕೇಳಿ ಅವರಿಗೆ ಸಮಾಧಾನವಾಗಬಹುದು ಅಂದುಕೊಂಡಿದ್ದೆ. ಅವರ ಕಣ್ಣು ತುಂಬಿತು.

"ಹೌದು, ಎರಡು ಬಡಿದು ನಿಲ್ಸ್ತಾನೆ. ಮೂರನೇದು ಹಲ್ಲು ಕಚ್ಚಿ ಬಡಿದ ಹಾಗೆ ಬರತ್ತೆ. ಎಲ್ಲೋ ನೋವಾಗಿದೆ ಅವನಿಗೆ. ಕಲ್ಲೊಳಗೆ ಕೈಕಾಲು ಆಡಿಸೋಕೆ ಜಾಗ ಎಲ್ಲಿದೆ, ಹೇಳು."

ಅಲ್ಲಿಂದ ಮುಂದೆ ಅವರಿಗೆ ಇದ್ದದ್ದು ಒಂದೇ ಹಂಬಲ. ಕಲ್ಲು ಹೊರಗೆ ಬರಬೇಕು, ಅದನ್ನು ಬಿಚ್ಚಬೇಕು, ತಾನು ಆಡಿದ ಮಾತಿನಿಂದ ಮಗನನ್ನು ಬಿಡಿಸಬೇಕು. ಕಲ್ಲು ಒಡೆಯುವುದು ಕೊಲೆ ಅಂತ ಬೈಯುತ್ತಿದ್ದ ಹೆಂಗಸೇ ಒಡೆಯಿರಿ ಅಂತ ಅಂಗಲಾಚತೊಡಗಿದರು.

ಖಿಮಿಯ ಚಪ್ಪಡಿಯನ್ನು ಮನಸ್ಸು ಬಂದಾಗ ಎತ್ತುವ ಹಾಗಿಲ್ಲ. ಹೊಸ ಮೂಳೆ ಬಂದಾಗ ಮಾತ್ರ. ಕೆಲವು ವರ್ಷಗಳ ಮೇಲೆ ಕುಲದ ಒಬ್ಬ ಮುದುಕ ತೀರಿಕೊಂಡ. ಅತ್ತೆ ಕೋಲೂರಿಕೊಂಡು ಖಿಮಿಯವರೆಗೂ ಹತ್ತಿ ಹೋಗಿ ಎಲ್ಲರೆದುರು ಕೈಮುಗಿದು ಕೇಳಿದರು. ಹರ್ಕಮಾನ್ ಕಾಕ ತಲೆ ಅಲ್ಲಾಡಿಸಿದರು.

"ಒಳಗೆ ಹೋದದ್ದು ಹೊರಗೆ ಬರಲ್ಲ, ಅತ್ಗಮ್ಮ. ಒಬ್ಬರದ್ದು ತೆಗೆದ್ರೆ ನಾಳೆ ಇನ್ನೊಬ್ರು ಬರ್ತಾರೆ."

"ಅದು ಕಲ್ಲು ಅಂತ ನೀನೇ ಅಂದಿದ್ದೆ."

"ನೀನು ಮೂಳೆ ಅಂದೆ. ಮೂಳೆ ಅಂತಲೇ ಇಟ್ಟಿದೀವಿ. ಇಟ್ಟದ್ದು ಒಂದು ತಪ್ಪು, ತೆಗೆದ್ರೆ ಎರಡು ತಪ್ಪು."

ಚಪ್ಪಡಿ ಮುಚ್ಚಿತು. ಇಳಿದು ಬರುವಾಗ ಅತ್ತೆ ಒಂದು ಕಡೆ ನಿಂತು ಹಿಂದೆ ತಿರುಗಿ, "ಇರು ಮಗಾ, ನಿಮ್ಮಮ್ಮ ಬರ್ತಾಳೆ," ಅಂದರು. ಸಾಯುವ ಮಾತು ಅದು ಅಂತ ನನಗೆ ಆಗ ಹೊಳೆಯಲಿಲ್ಲ.

ಆಮೇಲೆ ರಸ್ತೆ ಬಂತು. ಹೇಸರಗತ್ತೆಗಳು ಹೋಗಿ ಜೀಪು ಬಂದವು. ಅತ್ತೆ ಇನ್ನೂ ಮಧ್ಯಾಹ್ನವಾದರೆ ಬಟ್ಟಲು ಕೆಳಗಿಟ್ಟು ಕಿವಿಗೊಡುತ್ತಿದ್ದರು. ಊಟಕ್ಕೆ ಬಂದವರು ಅಜ್ಜಿ ಯಾಕೆ ಹಾಗೆ ಕೂತಿದ್ದಾರೆ ಅಂತ ಕೇಳಿದರೆ, "ನಮ್ಮತ್ತೆಗೆ ಯಾರೋ ಬಾಗಿಲು ತಟ್ಟಿದ ಹಾಗೆ ಕೇಳಿಸತ್ತೆ, ನೀವು ಉಪ್ಪಿನಕಾಯಿ ಹಾಕ್ಕೊಳ್ಳಿ," ಅನ್ನುತ್ತಿದ್ದೆ. ಬೆರಳ ಗೆಣ್ಣಿನಿಂದ ಅವರು ಬಡಿದು ಬಡಿದು ಮಂಚದ ಕಟ್ಟು ಅಲ್ಲಿ ನುಣುಪಾಗಿತ್ತು. ಎರಡು, ತಡೆ, ಒಂದು. ನಿದ್ದೆಯಲ್ಲೂ ಹಾಗೇ.

ಕಳೆದ ಚಳಿಗಾಲದಲ್ಲಿ ನಾನು ಛಾವಣಿಯ ಏಣಿಯಿಂದ ಹಿಮಕ್ಕೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡೆ. ಪಟ್ಟಿ ಕಟ್ಟಿದವನು ಸೊಟ್ಟ ಕಟ್ಟಿದ. ಮುದ್ದೆ ತೊಳಸುವುದು ಮಾನ್‌ಬೀರನ ಪಾಲಿಗೆ ಬಂತು, ಗಂಟುಗಂಟು ಮುದ್ದೆ ತಿಂದು ಗಿರಾಕಿಗಳು ಕಡಿಮೆಯಾದರು. ಅದೇ ಚಳಿಗಾಲದ ಕೊನೆಯಲ್ಲಿ ಅತ್ತೆ ಮಲಗಿದರು, ಏಳಲಿಲ್ಲ.

ಒಂದು ಬೆಳಗ್ಗೆ ನನ್ನ ಗಂಡನನ್ನು ಹೊರಗೆ ಕಳಿಸಿ, ತಲೆದಿಂಬಿನ ಕೆಳಗೆ ಕೈ ಹಾಕು ಅಂದರು. ಹಳೇ ಬಟ್ಟೆಯ ಗಂಟು. ಬಿಚ್ಚಿದರೆ ಆ ಸುತ್ತಿಗೆ. ಅಷ್ಟು ವರ್ಷ ಅದರ ಮೇಲೇ ತಲೆಯಿಟ್ಟು ಮಲಗಿದ್ದರು.

"ನಿನ್ನ ಗಂಡನ ಕೈಯಲ್ಲಿ ಆಗಲ್ಲ. ಅವನು ಒಳ್ಳೆಯವನು, ಆದ್ರೆ ಬೆಣ್ಣೆ. ನೀನು ಹೋಗು. ನನ್ನ ಮೂಳೆ ಇಡೋವಾಗ ಅವನನ್ನ ತೆಗಿ, ಬಿಚ್ಚು."

"ಬಿಚ್ಚಿದ್ರೆ ಸಾಯತ್ತೆ ಅಂತಿದ್ರಿ ಅತ್ತೆ."

"ಸಾಯ್ಲಿ. ಸಾಯೋಕೂ ಬಿಡ್ಲಿಲ್ವಲ್ಲ ನಾನು ಅವನನ್ನ." ಉಸಿರು ಎಳೆದುಕೊಂಡರು. "ನಾನು ಆ ಗೂಡಿನೊಳಗೆ ಹೋಗಿ ಕೂತಿರ್ತೀನಿ, ಅವನು ಪಕ್ಕದಲ್ಲೇ ಕಲ್ಲೊಳಗೆ ಬಡೀತಿರ್ತಾನೆ. ಆಗ ನಂಗೆ ಕೈಯೂ ಇರಲ್ಲ ಬಿಡ್ಸೋಕೆ. ಎಷ್ಟು ಕಾಲ ಓಮಾ, ಎಷ್ಟು ಕಾಲ? ಆ ಮಾಸ್ತರು ಹೇಳಿದ್ರಲ್ಲ, ಆ ಕುಲ ಮಲಗಿದ್ದು ಯಾವಾಗಿನಿಂದ ಅಂತ, ಅಷ್ಟು ಕಾಲಾನಾ?"

ನಾನು ಸುತ್ತಿಗೆ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿದೆ. ಅದನ್ನು ನೋಡಿ ಅವರು ಕಣ್ಣು ಮುಚ್ಚಿದರು. ಮಧ್ಯಾಹ್ನ ಗಾಳಿ ಏಳುವ ಹೊತ್ತಿಗೆ ಬೆರಳು ಮಂಚದ ಮೇಲೆ ಎರಡು ಸಲ ಆಡಿತು. ಮೂರನೆಯದಕ್ಕೆ ನಾನು ಕಾದೆ. ಬರಲಿಲ್ಲ.

ನದಿಯ ದಡದಲ್ಲಿ ಸುಟ್ಟೆವು. ಮೂಳೆ ಇಡುವ ದಿನ ಗಾಳಿ ಏಳುವ ಮುಂಚೆ ಹೋಗಿ ಬರಬೇಕು ಅಂತ ಬೆಳಗ್ಗೆಯೇ ಹೊರಟೆವು. ಬಿಳಿ ಬಟ್ಟೆಯ ಪುಟ್ಟ ಗಂಟು ಮಾನ್‌ಬೀರನ ಕೈಯಲ್ಲಿತ್ತು. ಹರ್ಕಮಾನ್ ಕಾಕನಿಗೆ ಈಗ ನಡು ಬಗ್ಗಿತ್ತು. ಇಬ್ಬರು ಹಿಡಿದುಕೊಂಡು ಹತ್ತಿಸಿದರು. ಚಪ್ಪಡಿ ಎತ್ತಿದರು. ಮಾನ್‌ಬೀರ್ ಬಗ್ಗುವ ಮೊದಲೇ ನಾನು ಅವನ ತೋಳು ಹಿಡಿದೆ.

"ಕಾಕ, ಅತ್ತೆ ಮಾತು ತಗೊಂಡಿದಾರೆ. ಪಿರ್ತೀದು ನಾನು ತೆಗೀತೀನಿ."

"ಬೇಡಮ್ಮ. ಮೊದಲೇ ಹೆಂಗಸರು ಇದರೊಳಗೆ ಕೈ ಹಾಕೋ ಹಾಗಿಲ್ಲ."

"ಯಾಕೆ? ಒಳಗಿರೋರಲ್ಲಿ ಅರ್ಧ ಜನ ಹೆಂಗಸರೇ."

ಯಾರೋ ಕಿಸಕ್ಕೆಂದರು. ಕಾಕ ಸಿಟ್ಟಿನಿಂದ ಖಿಮಿಯ ಅಂಚಿನ ಮೇಲೇ ಕೂತುಬಿಟ್ಟರು. ನಾನು ಅವರ ಎದುರು ನೆಲದ ಮೇಲೆ ಕೂತೆ, ನಮ್ಮತ್ತೆ ಹಿಂದೆ ಅವರ ಬಾಗಿಲಲ್ಲಿ ಕೂತ ಹಾಗೆ. ಬಿಸಿಲು ಏರಿತು. ಧೂಪದ ಮರಗಳ ತುದಿ ಅಲ್ಲಾಡಿತು. ಗಾಳಿ ಬಂದೇ ಬಂತು; ಬಂದವರೆಲ್ಲ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಮರದ ಮರೆಗೆ ಸರಿದರು. ಮರಳು ಕಣ್ಣಿಗೆ ಬಡಿಯುತ್ತಿತ್ತು. ಕಾಕ ಎಷ್ಟೋ ಹೊತ್ತು ನನ್ನ ಸೊಂಟದಲ್ಲಿದ್ದ ಸುತ್ತಿಗೆಯನ್ನೇ ನೋಡಿದರು.

"ನಿಂಗೂ ಕೇಳಿಸ್ತಿತ್ತಾ ಆ ಸದ್ದು?" ಅಂತ ಕೇಳಿದರು.

"ಇಲ್ಲ ಕಾಕ. ಒಂದು ಸಲಾನೂ ಇಲ್ಲ."

"ಮತ್ತ್ಯಾಕೆ?"

"ಅವರಿಗೆ ಕೇಳಿಸ್ತಿತ್ತಲ್ಲ."

ಕಾಕ ಎದ್ದು ಬೆನ್ನು ತಿರುಗಿಸಿ ನಿಂತರು. ಅದು ಒಪ್ಪಿಗೆಯೋ ಸಿಟ್ಟೋ ಕೇಳುತ್ತಾ ಕೂರುವವಳಲ್ಲ ನಾನು. ಕೈ ಹಾಕಿದೆ. ಒಳಗೆ ತಣ್ಣಗಿತ್ತು. ಹಗುರ ಹಗುರ ಗಂಟುಗಳು, ಒಣಗಿದ ಬಟ್ಟೆ ಬೆರಳಿಗೆ ಪುಡಿಯಾಗುತ್ತಿತ್ತು. ಅವುಗಳ ನಡುವೆ ಒಂದು ಮಾತ್ರ ಭಾರ.

ಹೊರಗೆ ತೆಗೆದು ಮಡಿಲಲ್ಲಿಟ್ಟುಕೊಂಡೆ. ಅದೇ ಕಲ್ಲು, ಒಂದು ಗೀರೂ ಇಲ್ಲ. ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಸುತ್ತಿಗೆ ಎತ್ತಿದೆ. ಹೊಡಿಯೋದಲ್ಲ ಅತ್ಗೆ, ಬಾಗಿಲು ತಟ್ಟೋದು. ಸೊಂಟದ ಹತ್ತಿರ ತಟ್ಟಿದೆ. ಇನ್ನೊಮ್ಮೆ ತಟ್ಟಿದೆ. ಮುರಿದ ಮಣಿಕಟ್ಟಿನಲ್ಲಿ ನೋವು ಮೊಣಕೈವರೆಗೂ ಹರಿಯಿತು. ಕೈ ಇಳಿಸಿ, ಉಸಿರು ಬಿಟ್ಟು, ಹಲ್ಲು ಕಚ್ಚಿ ಮತ್ತೊಂದು ಏಟು ಹಾಕಿದೆ. ಕಲ್ಲನ್ನು ಸ್ವಲ್ಪ ತಿರುಗಿಸಿದೆ. ಟಕ್, ಟಕ್. ನೋವು. ಟಕ್.

ಅಲ್ಲಿಗೆ ನನ್ನ ಕೈ ನಿಂತಿತು.

ಗಾಳಿ ನನ್ನ ಬೆನ್ನಿಗೆ ಬಡಿದು ಕೆಳಗೆ ಊರಿನ ಕಡೆ ಹೋಗುತ್ತಿತ್ತು. ಮರದ ಮರೆಯಿಂದ ಮಾನ್‌ಬೀರ್ ಎದ್ದು ನಿಂತಿದ್ದ. ಅವನಿಗೂ ಗುರುತು ಹತ್ತಿತ್ತು. ಅವರಮ್ಮ ಬಟ್ಟಲ ಮೇಲೆ, ಮಂಚದ ಮೇಲೆ, ನಮ್ಮ ಮದುವೆಯ ಹಿತ್ತಾಳೆ ತಂಬಿಗೆಯ ಮೇಲೆ ಅಷ್ಟು ವರ್ಷ ಬಡಿದು ತೋರಿಸಿದ್ದು ಇದೇ. ನನ್ನ ಕೈ ಮುರಿಯುವುದಕ್ಕೆ ಎಷ್ಟೋ ಮೊದಲೇ ಈ ಮುರಿದ ಕೈಯ ಸದ್ದು ಅವರಿಗೆ ಕೇಳಿಸುತ್ತಿತ್ತು. ಒಳಗಿಂದ ಯಾರೂ ಬಡಿದಿರಲಿಲ್ಲ. ಹೊರಗಿಂದ ಬಿಡಿಸಲು ಬಂದವಳ ಸದ್ದು ಅದು. ಹೆದರಬೇಡಿ ಅತ್ತೆ, ಅದು ಅವನ ನೋವಲ್ಲ, ನಾನು, ಬಂದಿದ್ದೇನೆ ಅಂತ ಒಂದೇ ಒಂದು ಮಾತು ಹೇಳಿದ್ದರೆ ಅವರು ಅಷ್ಟೂ ಮಧ್ಯಾಹ್ನ ನೆಮ್ಮದಿಯಾಗಿ ಚಹಾ ಕುಡಿಯುತ್ತಿದ್ದರು. ಹೇಳಲು ನನಗೇ ಗೊತ್ತಿರಲಿಲ್ಲವಲ್ಲ. ನಾನು ಅಲ್ಲೇ ಕೂತು ಜೋರಾಗಿ ಅತ್ತುಬಿಟ್ಟೆ. ಅವರು ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

"ನಿಲ್ಲಿಸ್ಬೇಡಮ್ಮ," ಅಂದರು ಕಾಕ. ಯಾವಾಗ ತಿರುಗಿದ್ದರೋ. "ಮುಗ್ಸು."

ಮತ್ತೆ ತಟ್ಟಿದೆ. ಎರಡು, ತಡೆ, ಒಂದು. ಎಲ್ಲೋ ಒಂದು ಕಡೆ ಸದ್ದು ಕಂಚಿನದಾಯಿತು. ಅಲ್ಲಿ ಇನ್ನೊಂದು ಏಟು ಹಾಕಿದೆ. ಕಲ್ಲು ನನ್ನ ಮಡಿಲಲ್ಲಿ ಎರಡಾಯಿತು.

ಒಂದು ಹೋಳಿನಲ್ಲಿ ಅವನು ಮಲಗಿದ್ದ. ಮಂಡಿ ಮಡಚಿ, ತಲೆ ಒಳಗೆ ಹುದುಗಿಸಿ, ಪಕ್ಕೆಲುಬುಗಳ ತುದಿ ಕವಲೊಡೆದು. ಇಡೀ ಕುಲದಲ್ಲಿ ಎಲ್ಲರೂ ಹೋದಮೇಲೂ ಮಲಗಿಯೇ ಇದ್ದ. ಪ್ರಾಣಿ ಅದು, ನನಗೆ ಗೊತ್ತು. ಮಾಸ್ತರು ಹೆಸರು ಕೂಡ ಹೇಳಿದ್ದರು. ಆದರೂ ನನ್ನ ಬಾಯಲ್ಲಿ ಬಂದದ್ದು, "ಏಳೋ ಪಿರ್ತಿ, ನಿಮ್ಮಮ್ಮ ಬಂದಿದಾರೆ," ಅಂತ.

ಇನ್ನೊಂದು ಹೋಳಿನಲ್ಲಿ ಅವನಿದ್ದ ಜಾಗ. ನುಣ್ಣಗೆ, ಸುರುಳಿಯಾಗಿ, ಖಾಲಿಯಾಗಿ.

ಮಾನ್‌ಬೀರನ ಕೈಯಿಂದ ಗಂಟು ಇಸಿದುಕೊಂಡು ಬಿಚ್ಚಿದೆ. ಅತ್ತೆಯ ಮೂಳೆಯ ಚೂರು ಹುರಿಗಡಲೆಗಿಂತ ಸ್ವಲ್ಪ ದೊಡ್ಡದು. ಅದನ್ನು ಆ ಗುಳಿಯಲ್ಲಿಟ್ಟೆ. ಅಳತೆ ತೆಗೆದು ಮಾಡಿದ ಹಾಗೆ ಕೂತಿತು. ಮೇಲೆ ಅವನಿದ್ದ ಹೋಳು ಮುಚ್ಚಿ, ಅದೇ ಬಿಳಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಕಾಕನ ಕೈಗೆ ಕೊಟ್ಟೆ. ಅವರು ಅದನ್ನು ಒಳಗಿಟ್ಟರು. ಎಲ್ಲರೂ ಸೇರಿ ಚಪ್ಪಡಿ ಮುಚ್ಚಿದರು.

ಸುತ್ತಿಗೆ ನನ್ನ ಹತ್ತಿರವೇ ಇದೆ. ಈಗ ಗಾಳಿ ಎದ್ದಾಗ ನಾನು ಅತ್ತೆಯ ಮಂಚದ ಮೇಲೆ ಕೂತು ಕಿವಿಗೊಡುತ್ತೇನೆ. ಏನೂ ಕೇಳಿಸುವುದಿಲ್ಲ. ಮಾನ್‌ಬೀರ್ ಚಹಾ ತಂದು ಪಕ್ಕದಲ್ಲಿಟ್ಟು, ಕೇಳಿಸ್ತಾ ಅನ್ನುತ್ತಾನೆ. ಇಲ್ಲ ಅನ್ನುತ್ತೇನೆ. ಇಬ್ಬರೂ ಚಹಾ ಕುಡಿಯುತ್ತೇವೆ.